ಹೆಸರು ವಾಪಸ್ ಪಡೆಯುವ ದಿನ

ಡಮ್ಮಿ ಒಬ್ಬರು ಬೇಕಾಗುತ್ತಾರೆ ಎಂದು ವಕೀಲ ಸಲಾವುದ್ದೀನ್ ಹೇಳಿದಾಗ ಶಂಭುಲಿಂಗಪ್ಪನವರ ಪಡಸಾಲೆಯಲ್ಲಿ ಹನ್ನೆರಡು ಗಂಡಸರು ಕೂತಿದ್ದರು. ಎಲ್ಲರೂ ಒಮ್ಮೆಗೇ ತಮ್ಮ ತಮ್ಮ ಚಹಾದ ಬಸಿ ನೋಡತೊಡಗಿದರು.

ಎಪ್ಪತ್ತೊಂಬತ್ತರ ಡಿಸೆಂಬರ್. ಲೋಕಸಭೆಗೆ ಚುನಾವಣೆ ಬಂದಿತ್ತು. ದೇವದುರ್ಗದ ಶಂಭುಲಿಂಗಪ್ಪನವರಿಗೆ ರಾಯಚೂರು ಕ್ಷೇತ್ರದ ಟಿಕೆಟ್ ಸಿಕ್ಕಿತ್ತು. ಡಮ್ಮಿ ಎಂದರೆ ಏನೆಂದು ವಕೀಲರು ಬಿಡಿಸಿ ಹೇಳಿದರು.

"ಗೌಡ್ರ ನಾಮಪತ್ರದಾಗ ಏನಾರ ತಪ್ಪು ಹಿಡದು ಆಫೀಸರು ತಿರಸ್ಕಾರ ಮಾಡಿಬಿಟ್ರ, ಪಾರ್ಟಿ ಕಡಿಂದ ಇನ್ನೊಬ್ರು ತಯಾರ ಇರಬೇಕು. ಗೌಡ್ರದು ಪಾಸಾತು ಅಂದ್ರ ಆ ಇನ್ನೊಬ್ರ ಕೆಲಸ ಮುಗೀತು. ವಾಪಸ್ ತಗೊಳೋ ದಿವಸ ಮಧ್ಯಾಹ್ನ ಮೂರು ಗಂಟಿ ಒಳಗ ಹೋಗಿ ಹೆಸರು ತೆಗಸಿ ಬರಬೇಕು. ಅಷ್ಟ."

"ಅಷ್ಟ!" ಎಂದರು ಶಂಭುಲಿಂಗಪ್ಪ. "ಹೋದ ಸಲ ನಮ್ಮ ಸೋದರಮಾವನ ಮಗ ತೆಗಸಿದನೇನು? ಮೂರು ಗಂಟಿಗಿ ಮಂತ್ರಾಲಯದಾಗ ಸ್ನಾನ ಮಾಡಾಕತ್ತಿದ್ದ."

ಯಾರೂ ನಗಲಿಲ್ಲ. ಹೋದ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಆ ಸೋದರಮಾವನ ಮಗ ನಾಲ್ಕು ಸಾವಿರ ವೋಟು ತಿಂದಿದ್ದ. ಶಂಭುಲಿಂಗಪ್ಪ ಎರಡು ಸಾವಿರದಲ್ಲಿ ಸೋತಿದ್ದರು.

"ಹಂಗಾರ ಹೆಣ್ಮಕ್ಕಳನ್ನ ಹಾಕ್ರಿ," ಎಂದರು ವಕೀಲರು. "ಮನಿಯವರನ್ನ. ಅವರೆಲ್ಲಿ ಓಡಿ ಹೋಗ್ತಾರ?"

ಶಂಭುಲಿಂಗಪ್ಪನವರ ಹೆಂಡತಿ ಅನ್ನಮ್ಮನಿಗೆ ಸಹಿ ಬರುತ್ತಿರಲಿಲ್ಲ. ದಿಲ್ಲಿಯ ಚುನಾವಣೆಗೆ ಹೆಬ್ಬೆಟ್ಟು ಒತ್ತಿದರೆ ಪಾರ್ಟಿಯ ಮಾನ ಹೋಗುತ್ತದೆ ಎಂದು ಒಬ್ಬರು ಅಂದರು. "ಸಣ್ಣಾಕಿ ಅದಾಳಲ್ಲ," ಎಂದರು ಇನ್ನೊಬ್ಬರು.

ಸಣ್ಣಾಕಿ ಎಂದರೆ ಶಂಭುಲಿಂಗಪ್ಪನವರ ತೀರಿಹೋದ ತಮ್ಮನ ಹೆಂಡತಿ ಮಹಾಂತಮ್ಮ. ವಯಸ್ಸು ಇಪ್ಪತ್ತೊಂಬತ್ತು. ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿದ್ದಳು. ಅಣ್ಣನ ಭಾಷಣಗಳನ್ನು ಬರೆದುಕೊಡುತ್ತಿದ್ದುದು ತಮ್ಮ. ಎರಡು ವರ್ಷದ ಹಿಂದೆ ಕಾಮಾಲೆ ಬಂದು ಒಂಬತ್ತೇ ದಿನದಲ್ಲಿ ಅವನು ಹೋದ ಮೇಲೆ ಆ ಕೆಲಸ ಅವಳಿಗೆ ಬಿತ್ತು. ಅವಳು ಬರೆದದ್ದನ್ನು ಬಾವ ಒಂದಕ್ಷರ ಬಿಡದೆ ಓದುತ್ತಿದ್ದರು. ಆದರೆ ಅವಳೊಡನೆ ನೇರ ಮಾತಾಡುತ್ತಿರಲಿಲ್ಲ. ಬಾವ ಹೊರಗೆ ಹೊರಡುವಾಗ ಅವಳು ಎದುರಿಗೆ ಇರಕೂಡದು. ಚಪ್ಪಲಿಯ ಸದ್ದಾದರೆ ಸಾಕು, ಅವಳು ಬಾಗಿಲ ಹಿಂದಕ್ಕೋ ಗೋಡೆಯ ಮಗ್ಗುಲಿಗೋ ಸರಿಯುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲೇ ಕಲಿತಿತ್ತು.

"ಅನ್ನಮ್ಮಾ," ಎಂದು ಶಂಭುಲಿಂಗಪ್ಪ ಕೂಗಿದರು. "ಆಕಿಗಿ ಕೇಳು. ಒಂದು ಸಹಿ ಮಾಡ್ತಾಳೇನಂತ."

ಬಾಗಿಲ ಈಚೆ ಅನ್ನಮ್ಮ, ಆಚೆ ಮಹಾಂತಮ್ಮ. ನಡುವೆ ಒಂದು ಗೇಣು.

"ಮಾಡ್ತಾಳಂತ," ಎಂದಳು ಅನ್ನಮ್ಮ, ಕೇಳದೆಯೇ.

ಮಹಾಂತಮ್ಮನಿಗೆ ಏನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ಅವಳಿಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ನಾಮಪತ್ರ ಸಲ್ಲಿಸುವ ದಿನ ಐದು ಜೀಪು ಹೊರಟವು. ಪಂಚಾಂಗ ನೋಡಿ ಹತ್ತೂ ನಲವತ್ತರ ಮುಹೂರ್ತ ಹಿಡಿದಿದ್ದರು. ಜೀಪಿನಲ್ಲಿ ಎಷ್ಟು ಜಾಗವಿದ್ದರೂ ಮಹಾಂತಮ್ಮನಿಗೆ ಇರಲಿಲ್ಲ. ಅವರದು ಮುಗಿದ ಮೇಲೆ ಆಕೆ ಬಸ್ಸಿಗೆ ಬರಲಿ ಎಂದಾಯಿತು. ಜತೆಗೆ ಮನೆಯ ಹಳೆಯ ಆಳು ಬೂದೆಪ್ಪ. ಅವಳ ನಾಮಪತ್ರಕ್ಕೆ ಸೂಚಕನಾಗಿ ಸಹಿ ಮಾಡಿದವನೂ ಅವನೇ. ಮೂರಕ್ಷರದ ತನ್ನ ಹೆಸರನ್ನು ಬರೆಯಲು ಅವನು ಹಿಂದಿನ ದಿನ ಸಂಜೆಯೆಲ್ಲ ಸ್ಲೇಟಿನ ಮೇಲೆ ತಿದ್ದಿದ್ದ.

ರಾಯಚೂರಿನ ಡಿ.ಸಿ. ಕಚೇರಿಗೆ ಅವರಿಬ್ಬರು ಮುಟ್ಟಿದಾಗ ಹೂವಿನ ಹಾರದ ಚೂರುಗಳು ಮೆಟ್ಟಿಲ ಮೇಲೆ ಬಿದ್ದಿದ್ದವು. ಮೆರವಣಿಗೆ ಹೋಗಿಯಾಗಿತ್ತು. ಒಳಗೆ ಚುನಾವಣಾಧಿಕಾರಿ ಕಾಗದ ತಿರುವಿ ನೋಡಿ, ಒಂದು ರಟ್ಟಿನ ಹಾಳೆ ಅವಳ ಮುಂದೆ ಚಾಚಿದರು.

"ಪ್ರಮಾಣವಚನ. ಎದ್ದು ನಿಂತು ಓದಿ. ಖಾಲಿ ಬಿಟ್ಟಲ್ಲಿ ನಿಮ್ಮ ಹೆಸರು ಹೇಳಿ."

ಡಮ್ಮಿಗೂ ಪ್ರಮಾಣವಚನ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಎದ್ದು ನಿಂತು ಓದಿದಳು. ಲೋಕಸಭೆಯ ಸ್ಥಾನವೊಂದಕ್ಕೆ ಅಭ್ಯರ್ಥಿಯಾದ ಮಹಾಂತಮ್ಮನೆಂಬ ನಾನು ಭಾರತದ ಸಂವಿಧಾನಕ್ಕೆ ನಿಷ್ಠೆಯಿಂದ ನಡೆದುಕೊಳ್ಳುತ್ತೇನೆ, ದೇಶದ ಅಖಂಡತೆಯನ್ನು ಎತ್ತಿಹಿಡಿಯುತ್ತೇನೆ ಎಂದು ಆ ಹಾಳೆಯಲ್ಲಿತ್ತು.

"ಕೇಳಿಸಲಿಲ್ಲ," ಎಂದರು ಅಧಿಕಾರಿ. ಬೇಸರದಿಂದಲ್ಲ, ನಿಯಮದಂತೆ. "ಇನ್ನೊಮ್ಮೆ ಓದಿ."

ಎರಡನೆಯ ಸಲ ಅವಳ ದನಿ ಅವಳಿಗೇ ಕೇಳಿಸಿತು. ಪಕ್ಕದ ಕೋಣೆಯ ಟೈಪ್‌ರೈಟರ್ ನಿಂತಿತು. ಜವಾನ ಬಾಗಿಲಲ್ಲಿ ಇಣುಕಿದ. ಎರಡು ವರ್ಷದಲ್ಲಿ ಅವಳು ಒಬ್ಬರ ಮುಂದೆಯೂ ತನ್ನ ಹೆಸರನ್ನು ಹೀಗೆ ಪೂರ್ತಿ ಉಚ್ಚರಿಸಿರಲಿಲ್ಲ. ಉಚ್ಚರಿಸುವ ಪ್ರಸಂಗವೇ ಬಂದಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವಳ ಬಲಗಾಲು ಒಂದೇ ಸಮ ಅಲುಗುತ್ತಿತ್ತು. ಗಬ್ಬೂರು ದಾಟಿದರೂ ನಿಲ್ಲಲಿಲ್ಲ.

"ಯವ್ವಾ, ಏನಾರ ಕಡೀತೇನು?" ಎಂದು ಬೂದೆಪ್ಪ ಸೀಟಿನ ಕೆಳಗೆ ಬಗ್ಗಿ ನೋಡಿದ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ರೊಟ್ಟಿ ಬಡಿಯಲು ಕೂತರೆ ಎರಡಕ್ಕೇ ಏಳುವಳು. ಮಾಳಿಗೆ ಹತ್ತುವಳು, ಇಳಿಯುವಳು. ಹಳೆಯ ಟ್ರಂಕು ತೆಗೆದು ಧಾರವಾಡದ ನೋಟ್‌ಬುಕ್ಕು ಹುಡುಕಿ, ನಿಂತಲ್ಲೇ ನಾಲ್ಕು ಪುಟ ಓದಿ, ಮತ್ತೆ ಮುಚ್ಚುವಳು. ಹೋದ ಲೋಕಸಭೆಯ ಐನೂರ ನಲವತ್ತು ಚಿಲ್ಲರೆ ಸದಸ್ಯರಲ್ಲಿ ಹೆಂಗಸರು ಇಪ್ಪತ್ತೂ ತುಂಬಿರಲಿಲ್ಲ. ಅದು ಅವಳಿಗೆ ಮೊದಲೂ ಗೊತ್ತಿತ್ತು. ಪರೀಕ್ಷೆಗೆ ಗೊತ್ತಿರುವ ಹಾಗೆ ಗೊತ್ತಿತ್ತು.

ಬಾವನ ಭಾಷಣದಲ್ಲೂ ಕೈ ತಪ್ಪಿತು. ಗಬ್ಬೂರಿನ ಸಭೆಗೆ ಬರೆದುಕೊಟ್ಟ ಹಾಳೆಯಲ್ಲಿ 'ನಿಮ್ಮ ಮನೆಮಗಳಾದ ನಾನು' ಎಂದು ಬಿದ್ದಿತ್ತು. ಶಂಭುಲಿಂಗಪ್ಪ ಎಂದಿನಂತೆ ಒಂದಕ್ಷರ ಬಿಡದೆ ಓದಿದರು. ಹಿಂದಿನಿಂದ ಯಾರೋ, "ಸೀರಿ ಉಟ್ಟು ಬರ್ರಿ ಗೌಡ್ರ!" ಎಂದು ಕೂಗಿದರು. ಅಂದು ಸಂಜೆ ಪಡಸಾಲೆಯಿಂದ ಒಳಕ್ಕೆ ಮಾತು ಬಂತು: "ಅನ್ನಮ್ಮಾ, ಕಣ್ಣು ತೆರಕೊಂಡು ಬರಿ ಅನ್ನು ಆಕಿಗಿ."

ನಾಮಪತ್ರಗಳ ಪರಿಶೀಲನೆಗೆ ಇನ್ನೂ ಐದು ದಿನವಿತ್ತು. ಆ ಐದು ದಿನ ಅವಳನ್ನು ದಿನಾ ಹೋಗಿಬರುವಂತೆ ಮಾನ್ವಿಯ ಕಡೆಗೆ ಕಳಿಸಿದರು. ಅಲ್ಲಿಯ ಮುಸ್ಲಿಂ ಮೊಹಲ್ಲಾಗಳಲ್ಲಿ ಗಂಡಸರು ವೋಟು ಕೇಳಲು ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಹೋಗಲು ಹೆಂಗಸೇ ಬೇಕು. ಎದುರಿಗೆ ಬರಬಾರದವಳು ಊರೂರಿಗೆ ಹೋಗಿ ವೋಟು ಕೇಳಬಹುದಿತ್ತು. ಅದಕ್ಕೆ ಪಂಚಾಂಗದ ಅಡ್ಡಿಯಿರಲಿಲ್ಲ.

ಮಾನ್ವಿಯಲ್ಲಿ ಅವಳನ್ನು ಮನೆಮನೆಗೆ ಕರೆದೊಯ್ದವರು ಅಕ್ಬರಿ ಬೇಗಂ. ಪಾರ್ಟಿಯ ಕಾರ್ಯದರ್ಶಿಯಾಗಿದ್ದ ಬಟ್ಟೆ ಅಂಗಡಿಯ ಅಬ್ದುಲ್ ವಹೀದನ ತಾಯಿ. ಮೊಣಕಾಲು ನೋವು ಇದ್ದರೂ ಅಡಕೆ ಜಗಿಯುತ್ತ ಮುಂದೆ ಮುಂದೆ ನಡೆಯುತ್ತಿದ್ದರು. ಯಾವ ಮನೆಯ ಸೊಸೆ ಯಾವ ಊರಿನವಳು ಎಂದು ಅವರಿಗೆ ಬಾಯಿಪಾಠವಿತ್ತು.

ಮೊದಲನೆಯ ಮನೆಯಲ್ಲೇ ತಕರಾರು ಎದ್ದಿತು. ಹಂಚಿನ ಚಪ್ಪರದ ಕೆಳಗೆ ಏಳೆಂಟು ಹೆಂಗಸರು ಕೂತಿದ್ದರು. ಮಹಾಂತಮ್ಮ ಬಾವನ ಹೆಸರು, ಪಾರ್ಟಿಯ ಗುರುತು ಎಲ್ಲ ಹೇಳಿ ಮುಗಿಸಿದಳು. ಬಿಸ್ಮಿಲ್ಲಾ ಬೀ ಎಂಬ ಮುದುಕಿ ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡು, "ಹೌದವ್ವಾ. ಖರೇ ನಿಂತಾಕಿ ನೀನ ಅಲ್ಲೇನು? ನಿನ್ನೆ ಪೇಪರ್‍ನಾಗ ನಿನ್ ಹೆಸರು ಓದಿದ ನನ್ನ ಮಮ್ಮಗ," ಎಂದಳು.

"ನಂದೂ ಅದ್ರಿ. ಆದ್ರ ಅದು ಬರೇ..."

"ಬರೇ ಏನು?"

ಮಹಾಂತಮ್ಮನಿಗೆ ಆ ಪದ ಬಾಯಿಗೆ ಬರಲಿಲ್ಲ. ಅಕ್ಬರಿ ಬೇಗಂ ಅವಳ ಮುಖ ನೋಡಿದರು.

"ದಿಲ್ಲಿಗಿ ಹೆಂಗಸೇನು!" ಎಂದು ನಡುವೆ ಕೂತಿದ್ದ ಸೊಸೆಯೊಬ್ಬಳು ನಕ್ಕಳು. "ಒಬ್ಬಾಕಿ ಹೋಗಿ ಕುಂತಿದ್ಲಲ್ಲ. ಸಾಲಲಿಲ್ಲೇನು?"

"ಅರೇ, ನಿಮ್ಮ ಮನ್ಯಾಗ ಹದಿನೆಂಟು ಮಂದಿ," ಎಂದರು ಅಕ್ಬರಿ ಬೇಗಂ. "ಒಬ್ಬಾಕಿ ರೊಟ್ಟಿ ಬಡದ್ರ ಸಾಲತದೇನು? ದಿನಾ ಯಾರಿಗಿ ಬೈಯ್ತೀ, ಕೂಡ ಬಡಿಯಾಕ ಬರಲಿಲ್ಲಂತ?"

ಹೆಂಗಸರು ಹೋ ಎಂದು ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರೇ ಮಾತು ತೆಗೆದರು. ಹೆರಿಗೆಗೆ ರಾಯಚೂರಿಗೆ ಹೋಗುವಾಗ ದಾರಿಯಲ್ಲೇ ಸತ್ತ ನಾದಿನಿ. ರೇಶನ್ ಸೀಮೆಎಣ್ಣೆಗೆ ನಿಂತರೆ ಗಂಡಸರ ಸಾಲು ಮುಗಿಯುವ ತನಕ ನಿಲ್ಲಬೇಕಾದದ್ದು. ಹೆಣ್ಣುಮಕ್ಕಳ ಉರ್ದು ಶಾಲೆಗೆ ಸಂಡಾಸಿಲ್ಲ, ಅದಕ್ಕೇ ಐದನೆಯ ತರಗತಿಗೆ ಬಿಡಿಸಿದ್ದು. ಇವನ್ನೆಲ್ಲ ಅವರು ಶಂಭುಲಿಂಗಪ್ಪನವರಿಗೆ ಹೇಳು ಎಂದು ಹೇಳಲಿಲ್ಲ. ಅವಳಿಗೆ ಹೇಳಿದರು. ಅವಳು ಬರೆದುಕೊಳ್ಳಲಿಲ್ಲ. ಪೆನ್ನು ಚೀಲದಲ್ಲಿತ್ತು, ಕೈ ಅದರ ಮೇಲಿತ್ತು.

ಓಣಿಗೆ ಬಂದ ಮೇಲೆ ಅಕ್ಬರಿ ಬೇಗಂ ನಿಂತರು. ಮೊಣಕಾಲು ಒತ್ತಿಕೊಳ್ಳುತ್ತ ಕೇಳಿದರು:

"ಬೇಟೀ, ನಿನ್ ಹೆಸರು ಕೊನೀತನಕ ಇರ್ತದೋ, ನಡಕ ತೆಗೀತಾರೋ? ನಾ ನಾಕು ಮಂದಿಗಿ ಹೇಳ್ಬೇಕು. ಸುಳ್ಳು ಹೇಳಿದೆ ಅಂತ ಆಮ್ಯಾಲ ಬೈಸಿಗೊಳ್ಳಾಕಿ ನಾನು. ಸಚ್ ಬೋಲ್."

"ಇರ್ತದ್ರಿ," ಎಂದಳು ಮಹಾಂತಮ್ಮ.

ಅಂದುಬಿಟ್ಟ ಮೇಲೆ ತಾನು ಅಂದದ್ದೇನು ಎಂದು ಅವಳಿಗೆ ತಿಳಿಯಿತು. ಆ ದಿನ ಇನ್ನೂ ಹನ್ನೊಂದು ಮನೆಗೆ ಹೋದರು. ಹನ್ನೊಂದು ಮನೆಯಲ್ಲೂ ಅಕ್ಬರಿ ಬೇಗಂ, "ನಿಂತಾಕಿ ಇವಳೇ," ಎಂದೇ ಒಳಗೆ ಕರೆದೊಯ್ದರು. ಅವಳು ತಿದ್ದಲಿಲ್ಲ.

ನಾಲ್ಕನೆಯ ದಿನ ಬೂದೆಪ್ಪನೊಡನೆ ಮಲ್ಲಟ ಎಂಬ ಹಳ್ಳಿಗೆ ಹೋದಳು. ಹತ್ತಿ ಬಿಡಿಸುವ ಹೆಂಗಸರು ಹೊಲದಿಂದ ಬರುವ ತನಕ ಕಾದು, ಗದ್ದೆಮ್ಮ ಎಂಬ ಕೂಲಿಯವಳ ಮನೆ ಮುಂದೆ ಮಾತಾಡಿದಳು. ಗದ್ದೆಮ್ಮ ಆ ಹೆಂಗಸರ ಗುಂಪಿಗೆ ಮುಂದಾಳು. ಕೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ನಿಂತಾಕಿ ಇವಳೇ ಎಂಬ ಸುದ್ದಿ ಮಾನ್ವಿಯಿಂದ ಮಹಾಂತಮ್ಮನಿಗಿಂತ ಮೊದಲೇ ಬಂದಿತ್ತು.

ಹೊರಡುವಾಗ ಗದ್ದೆಮ್ಮ ಮೊರದಲ್ಲಿ ಜೋಳ, ಒಂದು ಚೂರು ಬೆಲ್ಲ, ಎರಡು ಅಡಕೆ ತಂದು ಎದುರಿಗೆ ನಿಂತಳು. ಉಡಿ ತುಂಬಲು. ಮಹಾಂತಮ್ಮ ಹಿಂದೆ ಸರಿದಳು.

"ನನಗ ತುಂಬಬಾರದವ್ವಾ. ನನ್ನ ಗಂಡ ಹೋಗ್ಯಾನ."

"ಹೋಗಿದ್ರ ಹೋಗ್ಯಾನ," ಎಂದಳು ಗದ್ದೆಮ್ಮ. "ದಿಲ್ಲಿಗಿ ಹೋಗಾಕಿ ನೀನೋ, ನಿನ್ನ ಗಂಡನೋ? ಸೆರಗು ಹಿಡಿ. ಕೈ ನೋಯಾಕತ್ತಾವ ನನಗ, ದಿನಾ ಪೂರ್ತಿ ಹತ್ತಿ ಬಿಡಿಸೀನಿ."

ಮಹಾಂತಮ್ಮ ಸೆರಗು ಹಿಡಿದಳು. ಬೂದೆಪ್ಪ ಆ ಕಡೆ ಮುಖ ಮಾಡಿ ಬೀಡಿ ಹಚ್ಚಿದ. ಮನೆಗೆ ಬಂದು ಅವಳು ಆ ಜೋಳವನ್ನು ಯಾರಿಗೂ ಹೇಳದೆ ಕೋಣೆಯ ಮೂಲೆಯ ಚೀಲಕ್ಕೆ ಸುರಿದಳು. ಮರುದಿನ ಅದು ಎಲ್ಲರ ರೊಟ್ಟಿಯಾಯಿತು.

ಪರಿಶೀಲನೆಯಲ್ಲಿ ಶಂಭುಲಿಂಗಪ್ಪನವರ ನಾಮಪತ್ರ ಪಾಸಾಯಿತು. ಅನ್ನಮ್ಮ ಒಲೆಯ ಮುಂದಿನಿಂದಲೇ, "ನಿನ್ನ ಕೆಲಸ ಮುಗೀತಂತ. ನಾಡಿದ್ದು ಹೋಗಿ ತೆಗಸಿ ಬಾ," ಎಂದಳು.

ಮೊದಲೇ ಸಹಿ ಹಾಕಿಸಿಟ್ಟುಕೊಂಡ ಕಾಗದ ನಡೆಯಲ್ಲ ಎಂದು ವಕೀಲರು ಹೇಳಿದ್ದರು. ಹಿಂದೊಮ್ಮೆ ಅದರ ಮೇಲೆ ತಕರಾರು ಎದ್ದಿತ್ತಂತೆ. ಆಕೆಯೇ ಬಂದು ಅಧಿಕಾರಿಯ ಕಣ್ಣೆದುರು ಸಹಿ ಮಾಡಿ ಕೊಡಲಿ ಎಂದರು. ಅರ್ಜಿಯನ್ನು ತಾವೇ ತುಂಬಿ ಮಡಚಿ ಕಳಿಸಿದ್ದರು. ಸಹಿಯ ಜಾಗವೊಂದು ಖಾಲಿ.

ವಾಪಸ್ ಪಡೆಯುವ ದಿನವೂ ಅದೇ ವ್ಯವಸ್ಥೆ. ಗೌಡರ ಜೀಪು ನಸುಕಿನಲ್ಲೇ ಹೋಯಿತು. ಹತ್ತು ಗಂಟೆಯ ಬಸ್ಸಿಗೆ ಮಹಾಂತಮ್ಮ, ಬೂದೆಪ್ಪ. ಹನ್ನೆರಡೂ ಕಾಲಿಗೆ ಡಿ.ಸಿ. ಕಚೇರಿ. ಅವಳು ವರಾಂಡದ ಬೆಂಚಿನ ಮೇಲೆ ಕೂತಳು. ಎದ್ದಳು. ಕಂಬದಿಂದ ಕಂಬಕ್ಕೆ ನಡೆದಳು. ಒಳಗಿನ ಗೋಡೆಯ ಗಡಿಯಾರ ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಹೋಗಿ ಸಹಿ ಮಾಡಲು ಎರಡು ನಿಮಿಷ ಸಾಕು. ಎರಡು ನಿಮಿಷದ ಕೆಲಸಕ್ಕೆ ಅವಳ ಮುಂದೆ ಎರಡೂ ಮುಕ್ಕಾಲು ತಾಸು ಬಿದ್ದಿತ್ತು.

ಆ ಹೊತ್ತಿನಲ್ಲಿ ಯಾರಾದರೂ ಬಂದು, "ನಡಿಯವ್ವಾ," ಎಂದಿದ್ದರೆ ಅವಳು ಹೋಗಿಬಿಡುತ್ತಿದ್ದಳು. ಅದು ಅವಳಿಗೇ ಗೊತ್ತಿತ್ತು. ಅದಕ್ಕೇ ಗೇಟಿನತ್ತ ನೋಡದೆ ನಡೆಯುತ್ತಿದ್ದಳು. ವಾಪಸ್ ಪಡೆಯದಿದ್ದರೆ ಆ ಮನೆಯಲ್ಲಿ ಅವಳಿಗೆ ಜಾಗವಿಲ್ಲ. ತೌರಿನಲ್ಲಿ ಅಣ್ಣ ಅತ್ತಿಗೆಯ ಎರಡು ಕೋಣೆ. ಪಡೆದರೆ ಅಕ್ಬರಿ ಬೇಗಂ ಓಣಿಯಲ್ಲಿ ಬೈಸಿಕೊಳ್ಳುತ್ತಾರೆ, ಅಷ್ಟೆ. ತೂಗಿ ನೋಡಿದರೆ ಇದು ತೂಕಕ್ಕೇ ಬರುವಂಥದ್ದಲ್ಲ. ಆದರೂ ಅವಳ ಕಾಲು ಒಳಗೆ ಹೋಗುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ.

ಯಾರೂ ಬರಲಿಲ್ಲ. ಅಂದು ಎಲ್ಲರಿಗೂ ಬೇಕಾದವನು ಕನಕರಾಯ. ಟಿಕೆಟ್ ಸಿಗಲಿಲ್ಲವೆಂದು ಸಿಟ್ಟಾಗಿ ಪಕ್ಷೇತರನಾಗಿ ನಿಂತ ಆ ಗುತ್ತಿಗೆದಾರನನ್ನು ಒಲಿಸಲು ವಕೀಲರು, ಅಬ್ದುಲ್ ವಹೀದ್, ಪಡಸಾಲೆಯ ಹನ್ನೆರಡೂ ಗಂಡಸರು ಬೆಳಗಿನಿಂದ ಅವನ ಮನೆಯಲ್ಲಿ ಕೂತಿದ್ದರು. ಮಹಾಂತಮ್ಮನ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಅವಳೆಲ್ಲಿ ಓಡಿ ಹೋಗುತ್ತಾಳೆ? ಶಂಭುಲಿಂಗಪ್ಪ ಸ್ಟೇಷನ್ ರಸ್ತೆಯ ಪಾರ್ಟಿ ಆಫೀಸಿನಲ್ಲಿ ಕಾಯುತ್ತಿದ್ದರು. ಗುರುತು ಹಂಚುವ ಒಳ್ಳೆಯ ಹೊತ್ತಿಗೆ ಕಚೇರಿಗೆ ಬರುವಾಗ ಅವಳು ಎದುರಾಗಬಾರದು. ಆಕೆ ಮುಗಿಸಿ ಬಸ್ಸು ಹತ್ತಿದ ಮೇಲೆ ತಾನು ಬರುವುದು ಎಂದು ಅವರ ಲೆಕ್ಕ. ಅರ್ಧ ತಾಸಿಗೊಮ್ಮೆ ಬೂದೆಪ್ಪ ಅಲ್ಲಿಂದ ಇಲ್ಲಿಗೆ ನಡೆದು ಬರುತ್ತಿದ್ದ.

"ಗೌಡ್ರು ಕೇಳಾಕತ್ತಾರ. ಮುಗೀತೇನು ಯವ್ವಾ?"

"ಇನ್ನೂ ಇಲ್ಲ ಬೂದೆಪ್ಪ."

"ಊಟಾರ ಮಾಡು. ಮಂಡಾಳ ಒಗ್ಗರಣಿ ತರ್ಲೇನು?"

"ಬ್ಯಾಡ."

ಮೂರನೆಯ ಸಲ ಬಂದಾಗ ಅವನು ಅವಳ ಕೈಯ ಕಾಗದ ನೋಡಿದ. ಮಡಿಕೆಯಲ್ಲಿ ಬೆವರಿಗೆ ಒದ್ದೆಯಾಗಿತ್ತು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಹೋದ.

ಎರಡೂ ನಲವತ್ತಕ್ಕೆ ಗೇಟಿನಲ್ಲಿ ಗದ್ದಲವಾಯಿತು. ಕನಕರಾಯನನ್ನು ಕರೆತಂದಿದ್ದರು. ಕೊರಳಲ್ಲಿ ಹಾರ, ಹಿಂದೆ ಮುಂದೆ ಜನ. ಮದುಮಗನನ್ನು ಹಂದರಕ್ಕೆ ತಂದ ಹಾಗೆ. ವಕೀಲ ಸಲಾವುದ್ದೀನ್ ಅವನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ವರಾಂಡದಲ್ಲಿ ಅವಳನ್ನು ಕಂಡು ಒಂದು ಕ್ಷಣ ನಿಂತರು.

"ಆತೇನು ತಂಗೆಮ್ಮಾ?"

"ಮೊದಲ ನಿಮ್ಮದು ಮುಗಿಸಿಗೋರಿ ವಕೀಲ್ ಸಾಹೇಬ್ರ."

"ಶುಕ್ರಿಯಾ, ಶುಕ್ರಿಯಾ," ಎನ್ನುತ್ತ ಅವರು ಒಳಗೆ ಹೋದರು. ಜನವೆಲ್ಲ ಹಿಂದೆ ನುಗ್ಗಿತು. ಕನಕರಾಯನಿಗೆ ಕೊನೆಗೊಮ್ಮೆ ಅನುಮಾನ ಬಂದು, ಮಾರ್ಕೆಟ್ ಕಮಿಟಿಯ ಅಧ್ಯಕ್ಷಗಿರಿ ತನಗೆ ಸಿಗುವುದು ನಕ್ಕಿಯೇ ಎಂದು ಕೇಳುವುದು, ಹನ್ನೆರಡು ಜನರೂ ನಕ್ಕಿ ಎಂದು ಆಣೆ ಇಡುವುದು ಕೇಳಿಸಿತು.

ಗಡಿಯಾರದಲ್ಲಿ ಮೂರಕ್ಕೆ ಏಳು ನಿಮಿಷ ಬಾಕಿ.

ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಶಂಭುಲಿಂಗಪ್ಪ ಬಂದು ನಿಂತಿದ್ದರು. ಬೂದೆಪ್ಪ ಬಂದ. ಈ ಸಲ ಮೆಟ್ಟಿಲ ಕೆಳಗೇ ನಿಂತ.

"ಇನ್ನೂ ಇಲ್ಲ ಅಂತ ಹೇಳು," ಎಂದಳು ಮಹಾಂತಮ್ಮ.

ಅವನು ಹೋಗಿ ಹೇಳುವುದು ಕಂಡಿತು. ಶಂಭುಲಿಂಗಪ್ಪ, "ಲೇ, ಹೊತ್ತೆಷ್ಟಾತು ನೋಡಲೇ!" ಎಂದು ಪಂಚೆ ಎತ್ತಿ ಹಿಡಿದು ಸರಸರ ಬಂದರು. ಒಂದು ಮೆಟ್ಟಿಲು, ಎರಡು, ಮೂರು.

ಮೆಟ್ಟಿಲ ತುದಿಯಲ್ಲಿ, ಬಾಗಿಲ ನಡುವೆ, ಅವಳು ನಿಂತಿದ್ದಳು. ಬರೀ ಹಣೆ, ಬರೀ ಕೈ, ನೇರ ಎದುರಿಗೆ.

ಎರಡು ವರ್ಷ ಆ ಚಪ್ಪಲಿಯ ಸದ್ದಿಗೆ ತಾನಾಗಿಯೇ ಮಗ್ಗುಲಿಗೆ ಸರಿದ ಕಾಲು ಈಗಲೂ ಸರಿಯಲು ಎಳೆಯಿತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸರಿಯಲಿಲ್ಲ.

ಶಂಭುಲಿಂಗಪ್ಪ ತಲೆಯೆತ್ತಿ ನೋಡಿ ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು. ಮುಖ ತಿರುಗಿಸಿದರು. ಒಳ್ಳೆಯ ಕೆಲಸಕ್ಕೆ ಹೋಗುವಾಗ ಹೀಗಾದರೆ ಅವರ ಮನೆತನದಲ್ಲಿ ಹಿಂದಕ್ಕೆ ಬಂದು, ಚಪ್ಪಲಿ ಕಳಚಿ, ಒಂದು ಗುಟುಕು ನೀರು ಕುಡಿದು, ಗಳಿಗೆ ಹೊತ್ತು ಕೂತು ಮತ್ತೆ ಹೊರಡುವುದು ರೂಢಿ. ಅವರು ಬೇಕೆಂದು ಮಾಡಿದ್ದಲ್ಲ. ಅಪ್ಪ ಮಾಡಿದ್ದನ್ನು, ಅಜ್ಜ ಮಾಡಿದ್ದನ್ನು ಅವರ ಮೈ ಮಾಡಿತು. ಮೂರು ಮೆಟ್ಟಿಲು ಇಳಿದರು. ಚಪ್ಪಲಿ ಕಳಚಿದರು. "ನೀರು," ಎಂದರು. ಬೂದೆಪ್ಪ ಜವಾನನ ಹೂಜಿಯತ್ತ ನಡೆದ. ಬಹಳ ಮೆಲ್ಲಗೆ ನಡೆದ.

ನೀರಿನ ಲೋಟ ಬಾಯಿಗೆ ಹೋಗುವ ಮೊದಲೇ ಶಂಭುಲಿಂಗಪ್ಪನವರಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಹೊಳೆಯಿತು. ಲೋಟ ಬಿಸಾಕಿ, "ಸಲಾವುದ್ದೀನ್! ಲೇ ವಕೀಲಾ!" ಎಂದು ಕೂಗುತ್ತ ಬರಿಗಾಲಲ್ಲೇ ಹತ್ತಿದರು. ಅವಳ ಸೆರಗು ತಾಕುವಷ್ಟು ಹತ್ತಿರದಿಂದ ಒಳಗೆ ಹೋದರು.

ಒಳಗೆ ಅಧಿಕಾರಿ ಕೈಗಡಿಯಾರವನ್ನೂ ಗೋಡೆಯ ಗಡಿಯಾರವನ್ನೂ ಹೋಲಿಸಿ ನೋಡುತ್ತಿದ್ದರು.

"ಮೂರು ಗಂಟೆ ಆಯಿತು. ಇನ್ನು ತಗೊಳ್ಳೋದಿಲ್ಲ."

ಆಮೇಲೆ ಕಣದಲ್ಲಿ ಉಳಿದವರ ಪಟ್ಟಿ ಓದಿದರು. ಒಂಬತ್ತು ಹೆಸರು. ಏಳನೆಯದು, "ಶ್ರೀಮತಿ ಮಹಾಂತಮ್ಮ, ಪಕ್ಷೇತರ." ಪಾರ್ಟಿಯ ಗುರುತು ಗೌಡರದಾದ್ದರಿಂದ ಅವಳು ಪಕ್ಷೇತರ. ಉಳಿದ ಎಂಟರ ಹಿಂದೆಯೂ ಶ್ರೀ ಎಂದೇ ಇತ್ತು. ಕನಕರಾಯ ಕೊರಳ ಹಾರ ತೆಗೆದು ಮಡಚಿಟ್ಟುಕೊಂಡು, "ಇದೇನ್ರಿ ಗೌಡ್ರ, ನನ್ನ ತೆಗಸಿ ಇವರನ್ನ ಇಟ್ಟೀರಿ?" ಎಂದ.

ಶಂಭುಲಿಂಗಪ್ಪ ಒಳಗೆ ಬಂದು ನಿಂತಿದ್ದ ಅವಳತ್ತ ತಿರುಗಿದರು. ಅನ್ನಮ್ಮ ಅಲ್ಲಿರಲಿಲ್ಲ. ಮಾತು ನೇರವಾಗಿಯೇ ಬರಬೇಕಾಯಿತು.

"ಯಾಕ?"

ಅವಳು ಕೈಯ ಕಾಗದವನ್ನು ಇನ್ನೊಂದು ಮಡಿಕೆ ಮಡಚಿದಳು.

"ಮಾನ್ವ್ಯಾಗ ಮಂದಿಗಿ ಹೇಳಿ ಬಂದೀನ್ರಿ ಬಾವಾ. ಇರ್ತದಂತ."

"ಏನು ಇರ್ತದ?"

"ಹೆಸರು."

"ನೂರು ವೋಟು ಬೀಳಲ್ಲ ನಿನಗ. ಡಿಪಾಜಿಟ್ ಹೋಗ್ತದ!"

"ಹೋಗಲಿ ಬಿಡ್ರಿ. ಕಟ್ಟಿದವರು ನೀವ," ಎಂದಳು.

ಅದು ಹಾಸ್ಯಕ್ಕೆ ಹೇಳಿದ್ದಲ್ಲ. ಆದರೆ ಟೈಪಿಸ್ಟ್ ನಕ್ಕುಬಿಟ್ಟು ಕೆಮ್ಮಿದ. ಅಧಿಕಾರಿ ತಲೆಯೆತ್ತದೆ, "ಗದ್ದಲ ಹೊರಗೆ," ಎಂದು, ಉಳಿದ ಗುರುತುಗಳ ಹಾಳೆಯನ್ನು ಅವಳ ಮುಂದಿಟ್ಟರು. ಕೊಡೆ, ಏಣಿ, ವಿಮಾನ, ಒಂಟೆ. ಅವಳು ಏಣಿಯ ಮೇಲೆ ಬೆರಳಿಟ್ಟಳು. ಬೇರೆ ಯಾರೂ ಕೇಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬೂದೆಪ್ಪ ಸೀಟು ಹಿಡಿದುಕೊಟ್ಟ. ತಾನು ಹತ್ತಲಿಲ್ಲ. "ನಾ ಗೌಡ್ರ ಜೀಪಿನಾಗ ಬರ್ತೀನಿ ಯವ್ವಾ. ಹೊಟ್ಟಿ ಪಾಡು," ಎಂದ. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು, "ಹೂಜಿ ದೂರ ಇತ್ತು," ಎಂದಷ್ಟೇ ಹೇಳಿ ತಿರುಗಿದ.

ಅವಳ ಕಾಲು ದಾರಿಯುದ್ದಕ್ಕೂ ಅಲುಗಿತು. ಹೆದರಿಕೆಯೆಂದು ಅವಳಿಗೆ ಈಗ ತಿಳಿಯುತ್ತಿತ್ತು. ಬರೀ ಹೆದರಿಕೆಯೂ ಅಲ್ಲ. ಪಟ್ಟಿಯಲ್ಲಿ ಇರುವುದು ಒಂದು, ಇಪ್ಪತ್ತು ದಿನದಲ್ಲಿ ಇಡೀ ಕ್ಷೇತ್ರ ತಿರುಗುವುದು ಇನ್ನೊಂದು. ಜೀಪಿಲ್ಲ, ಪೋಸ್ಟರಿಲ್ಲ. ಅವಳು ಊರುಗಳನ್ನು ಬಸ್ಸಿನ ವೇಳೆಯ ಪ್ರಕಾರ ಮನಸ್ಸಿನಲ್ಲಿ ಹೊಂದಿಸತೊಡಗಿದಳು. ಹೊಂದಲಿಲ್ಲ. ಮತ್ತೆ ಮೊದಲಿಂದ ಹಿಡಿದಳು.

ದೇವದುರ್ಗ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಜೀಪು ಇನ್ನೂ ಬಂದಿರಲಿಲ್ಲ. ಮುಂಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ಅವಳ ಟ್ರಂಕು, ಅದರ ಮೇಲೆ ಸೀರೆಗಳ ಗಂಟು. ಬಾಗಿಲು ಅರ್ಧ ತೆರೆದು ಅನ್ನಮ್ಮ ನಿಂತಳು.

"ಫೋನ್ ಮಾಡಿದ್ರು," ಎಂದಳು. "ಅವರು ಬರೂದ್ರಾಗ ನೀ ಇರಬಾರದಂತ."

"ಹೂಂ ಅಕ್ಕಾ."

"ಬುಕ್ಕು ಎಲ್ಲಾ ಟ್ರಂಕಿನಾಗ ಇಟ್ಟೀನಿ. ರೊಟ್ಟಿ ಕಟ್ಟೀನಿ, ಗಂಟಿನಾಗ ಅದಾವ." ಅನ್ನಮ್ಮನ ಕಣ್ಣು ರಸ್ತೆಯ ಮೇಲಿತ್ತು. "ಎಲ್ಲಿಗಿ ಹೋಗ್ತಿ?"

"ಮಾನ್ವಿಗಿ. ಕಡೀ ಬಸ್ಸು ಇನ್ನಾ ಅದ."

"ಟ್ರಂಕು ಹೊರಾಕಾಗ್ತದೇನು ನಿನಗ?"

"ನೋಡ್ತೀನಿ."

ಮಹಾಂತಮ್ಮ ಗಂಟು ಬಗಲಿಗಿಟ್ಟು ಟ್ರಂಕಿನ ಹಿಡಿ ಎತ್ತಿದಳು. ಭಾರವಿತ್ತು. ನಾಲ್ಕು ಹೆಜ್ಜೆ ಹೋಗಿ ಕೆಳಗಿಟ್ಟು ಕೈ ಬದಲಿಸಿದಳು. ಬಾಗಿಲು ಹಾಕಿದ ಸದ್ದು ಬರಲಿಲ್ಲ.

"ಲೇ ಮಹಾಂತೀ," ಎಂದು ಹಿಂದಿನಿಂದ ಅನ್ನಮ್ಮ ಕರೆದಳು. ದನಿ ಬಹಳ ಸಣ್ಣಗಿತ್ತು. "ಚಿತ್ರ ಯಾವುದು ಕೊಟ್ಟಾರ? ಶಿಕ್ಕಾ ಒತ್ತೋ ಚಿತ್ರ?"

"ಏಣಿ ಅಕ್ಕಾ."

"ಏಣಿ," ಎಂದಳು ಅನ್ನಮ್ಮ. ಇನ್ನೊಮ್ಮೆ ತನ್ನಷ್ಟಕ್ಕೇ ಅಂದುಕೊಂಡಳು. "ಎಷ್ಟನೇದು ಅದ, ಮ್ಯಾಗಿಂದ?"

"ಏಳನೇದು."

ಅನ್ನಮ್ಮ ಸೆರಗಿನ ಮರೆಯಲ್ಲಿ ಬೆರಳು ಮಡಚಿ ಏಳು ಎಣಿಸಿದಳು. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. "ಹೋಗು, ಹೋಗು, ಲಗೂನ ಹೋಗು," ಎಂದು ಬಾಗಿಲು ಹಾಕಿಕೊಂಡಳು.